ಬಾಗಬೇಕು, ಮುರಿಯಬಾರದು: ಗ್ಲುಟೆನ್ ಇಲ್ಲದ ಒಂಬತ್ತು ಬ್ರೆಡ್‌ಗಳ ಲೆಕ್ಕ

ನನ್ನ ತಂಗಿಗೆ ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಒಗ್ಗದ ಕಾಯಿಲೆ, ಇದೆ ಅಂತ ಗೊತ್ತಾದ ದಿನದಿಂದ ಮನೆಯಲ್ಲಿ ಬ್ರೆಡ್ ನಿಂತುಹೋಯಿತು. ಉಳಿದದ್ದಕ್ಕೆಲ್ಲ ಅವಳು ಬೇಗ ಒಗ್ಗಿಕೊಂಡಳು. ಬ್ರೆಡ್ ಬಗ್ಗೆ ಮಾತ್ರ ಒಂದು ದಿನ ಹೇಳಿದಳು, "ಅಣ್ಣಾ, ನನಗೇನೂ ದೊಡ್ಡ ಆಸೆ ಇಲ್ಲ. ಒಂದು ಸ್ಲೈಸ್ ಮಡಚಿ, ಒಳಗೆ ಏನಾದ್ರೂ ಇಟ್ಟು, ಡಬ್ಬಿಗೆ ಹಾಕ್ಕೊಂಡು ಹೋಗಬೇಕು. ಮಧ್ಯಾಹ್ನ ತೆಗೆದಾಗ ಅದು ಪುಡಿಪುಡಿ ಆಗಿರಬಾರದು. ಅಷ್ಟೇ."

ಆ ಮಾತನ್ನೇ ನಾನು ಪರೀಕ್ಷೆ ಮಾಡಿಕೊಂಡೆ. ಬ್ರೆಡ್ ಮಾಡಿದ ಮರುದಿನ, ಟೋಸ್ಟ್ ಮಾಡದೆ, ಒಂದೂವರೆ ಸೆಂಟಿಮೀಟರ್ ದಪ್ಪದ ಸ್ಲೈಸ್ ತೆಗೆದುಕೊಂಡು ಎರಡೂ ತುದಿ ಸೇರುವ ಹಾಗೆ ನಿಧಾನಕ್ಕೆ ಬಾಗಿಸುವುದು. ಮುರಿದರೆ ಫೇಲ್. ಒಂಬತ್ತು ಭಾನುವಾರ, ಒಂಬತ್ತು ಬ್ರೆಡ್. ಪ್ರತಿ ಸಲವೂ ಹಿಟ್ಟಿನ ತೂಕ, ನೀರು, ಸಮಯ, ಓವನ್ ಬಿಸಿ ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಕೆಟ್ಟ ಬ್ರೆಡ್‌ಗಳನ್ನೂ ಬಿಟ್ಟಿಲ್ಲ, ಯಾಕೆಂದರೆ ನೀವು ಶುರು ಮಾಡಿದರೆ ಮೊದಲು ಕೈಗೆ ಬರುವುದು ಅವೇ.

ಮೊದಲು ಅಡುಗೆಮನೆ

ಹಿಟ್ಟು ತರುವುದಕ್ಕೆ ಮುಂಚೆ ಒಂದು ಲೆಕ್ಕ ಹಾಕಿದೆ. ಗ್ಲುಟೆನ್ ರಹಿತ ಅಂತ ಕರೆಯಬೇಕಾದರೆ ಒಂದು ಕೆಜಿ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಇದು ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ. ಈಗ ಮೈದಾ ತೆಗೆದುಕೊಳ್ಳಿ. ಅದರಲ್ಲಿ ಸುಮಾರು ಶೇ. 10 ಪ್ರೋಟೀನ್. ಆ ಪ್ರೋಟೀನಿನಲ್ಲಿ ಸುಮಾರು ಶೇ. 80 ಗ್ಲುಟೆನ್. ಅಂದರೆ ಒಂದು ಗ್ರಾಂ ಮೈದಾದಲ್ಲಿ 80 ಮಿಲಿಗ್ರಾಂ. ಬರೀ ಕಾಲು ಗ್ರಾಂ ಮೈದಾ ಒಂದು ಕೆಜಿ ಬ್ರೆಡ್‌ಗೆ ಸೇರಿದರೆ ಮಿತಿ ಮುಟ್ಟಿತು. ಕಾಲು ಗ್ರಾಂ ಅಂದರೆ ಎರಡು ಬೆರಳ ತುದಿಯಲ್ಲಿ ನಿಲ್ಲುವ ಚಿಟಿಕೆ. ನಮ್ಮ ಹಳೇ ಜರಡಿಯನ್ನು ಕಪ್ಪು ಕಾಗದದ ಮೇಲೆ ತಲೆಕೆಳಗೆ ಹಿಡಿದು ತಟ್ಟಿದೆ. ತೊಳೆದು ಒಣಗಿಸಿಟ್ಟ ಜರಡಿ ಅದು. ಆದರೂ ಅಂಚಿನ ಮಡಿಕೆಯಿಂದ ಬಿಳಿ ಪುಡಿ ಉದುರಿತು, ಒಂದು ಚಿಟಿಕೆಗೆ ಏನೂ ಕಡಿಮೆ ಇರಲಿಲ್ಲ.

ಅವತ್ತೇ ಜರಡಿ, ಮರದ ಸೌಟು, ಗೀರು ಬಿದ್ದ ಬ್ರೆಡ್ ಟಿನ್ ಮೂರನ್ನೂ ಈ ಕೆಲಸದಿಂದ ದೂರ ಇಟ್ಟೆ. ಮರದ ಸಂದು, ಟಿನ್ನಿನ ಗೀರು, ಜರಡಿಯ ಅಂಚು, ಇವು ತೊಳೆದರೂ ಪೂರ್ತಿ ಹೋಗದ ಜಾಗಗಳು. ಹೊಸ ಟಿನ್, ಹೊಸ ಜರಡಿ, ಸಿಲಿಕಾನ್ ಸ್ಪ್ಯಾಚುಲಾ, ಒಂದು ದೊಡ್ಡ ಸ್ಟೀಲ್ ಬಟ್ಟಲು ತಂದು ಎಲ್ಲಕ್ಕೂ ಹಸಿರು ಟೇಪ್ ಅಂಟಿಸಿದೆ. ಹಸಿರು ಟೇಪ್ ಇರುವುದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟುವ ಹಾಗಿಲ್ಲ. ಟೋಸ್ಟರ್ ಕೂಡ ಅವಳಿಗೇ ಬೇರೆ. ಮೈದಾ ಸುರಿದಾಗ ಏಳುವ ಧೂಳು ಗಾಳಿಯಲ್ಲಿ ತುಂಬಾ ಹೊತ್ತು ತೇಲುತ್ತಿರುತ್ತದೆ, ಹಾಗಾಗಿ ಬ್ರೆಡ್ ಮಾಡುವ ದಿನ ಮನೆಯಲ್ಲಿ ಗೋಧಿ ಹಿಟ್ಟಿನ ಡಬ್ಬಿ ತೆಗೆಯುವುದೇ ಇಲ್ಲ.

ಪ್ಯಾಕೆಟ್ ಮೇಲಿನ ಅಕ್ಷರ ಓದುವುದೂ ಇದೇ ಕೆಲಸದ ಭಾಗ. ಗೋಧಿ ಬಿಟ್ಟರೆ ಸಾಲದು, ಬಾರ್ಲಿ ಮತ್ತು ರೈ ಅನ್ನುವ ಧಾನ್ಯ ಕೂಡ ಆಗುವುದಿಲ್ಲ. ಓಟ್ಸ್ ಬೆಳೆಯುವಾಗಲೋ ಬೀಸುವಾಗಲೋ ಗೋಧಿ ಜೊತೆ ಬೆರೆತಿರುವುದು ಜಾಸ್ತಿ, ಗ್ಲುಟೆನ್ ರಹಿತ ಅಂತ ಬರೆದಿದ್ದರೆ ಮಾತ್ರ ನೋಡಬಹುದು. ಅದೂ ಎಲ್ಲರಿಗೂ ಒಗ್ಗುವುದಿಲ್ಲ. ಬೇಕಿಂಗ್ ಪೌಡರ್‌ನಲ್ಲಿ ಕೆಲವೊಮ್ಮೆ ಗೋಧಿ ಪಿಷ್ಟ ಇರುತ್ತದೆ. ಬ್ರೆಡ್‌ಗೆ ಬಳಸುವ ಒಣ ಈಸ್ಟ್ ಸಾಮಾನ್ಯವಾಗಿ ಸರಿ, ಆದರೆ ಬಿಯರ್ ತಯಾರಿಕೆಯಲ್ಲಿ ಉಳಿಯುವ ಬ್ರೂವರ್ಸ್ ಈಸ್ಟ್ ಬಾರ್ಲಿ ಜೊತೆ ಇದ್ದು ಬಂದಿರಬಹುದು.

ಇಷ್ಟೊಂದು ಎಚ್ಚರ ಯಾಕೆ ಅಂತ ಮನೆಗೆ ಬಂದವರು ಕೇಳುತ್ತಾರೆ. ಇದು ಇಷ್ಟಾನಿಷ್ಟದ ಮಾತಲ್ಲ. ಗ್ಲುಟೆನ್ ಒಳಗೆ ಹೋದರೆ ದೇಹ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಇದಕ್ಕೆ ಗೋಧಿಯೇ ಕಾರಣ ಅಂತ ಪತ್ತೆ ಹಚ್ಚಿದ್ದು ವಿಲ್ಲೆಮ್ ಕರೆಲ್ ಡಿಕೆ ಅನ್ನುವ ಡಚ್ ಮಕ್ಕಳ ಡಾಕ್ಟರ್. 1950ರಲ್ಲಿ ಅವರ ಪ್ರಬಂಧ ಬಂತು. ಅದಕ್ಕೂ ಮುಂಚೆ ಮಕ್ಕಳು ಒಣಗಿ ಹೋಗುತ್ತಿದ್ದರು, ಊಟದಲ್ಲಿ ಏನನ್ನು ಬಿಡಬೇಕು ಅಂತ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಇವತ್ತಿಗೂ ಇದಕ್ಕೆ ಮದ್ದು ಅಂದರೆ ಊಟದಿಂದ ಗ್ಲುಟೆನ್ ತೆಗೆಯುವುದೇ.

ಮೊದಲನೆಯದು

ನನಗೆ ಗೋಧಿ ಬ್ರೆಡ್ ಮಾಡಿ ಅಭ್ಯಾಸ ಇತ್ತು. ಅದೇ ಲೆಕ್ಕ ಹಿಡಿದೆ. ಹಿಟ್ಟು 400 ಗ್ರಾಂ, ನೀರು 260, ಉಪ್ಪು 8, ಈಸ್ಟ್ 7. ಮೈದಾ ಜಾಗದಲ್ಲಿ ಅಕ್ಕಿ ಹಿಟ್ಟು. ನಾದಲು ಹೋದರೆ ಕೈಯಲ್ಲೇ ಹೋಳು ಹೋಳಾಗಿ ಒಡೆಯಿತು. ಹಾಗೇ ಟಿನ್‌ಗೆ ಒತ್ತಿ ತುಂಬಿದೆ. ಅರ್ಧ ಗಂಟೆಯಲ್ಲಿ ಮೇಲೆಲ್ಲ ಬಿರುಕು. ಹತ್ತಿರ ಕಿವಿ ಇಟ್ಟರೆ ಸಣ್ಣಗೆ ಟಿಸ್ ಟಿಸ್ ಅನ್ನುವ ಸದ್ದು. ಈಸ್ಟ್ ತನ್ನ ಕೆಲಸ ಮಾಡುತ್ತಿತ್ತು, ಗಾಳಿ ಹುಟ್ಟುತ್ತಿತ್ತು, ಹುಟ್ಟಿದ್ದೆಲ್ಲ ಬಿರುಕಿನಿಂದ ಹೊರಗೆ ಹೋಗುತ್ತಿತ್ತು. ಓವನ್‌ನಿಂದ ಬಂದದ್ದು ನಾಲ್ಕು ಸೆಂಟಿಮೀಟರ್ ಎತ್ತರದ ಇಟ್ಟಿಗೆ.

ಗ್ಲುಟೆನ್ ಏನು ಮಾಡುತ್ತಿತ್ತು ಅಂತ ಆ ಸದ್ದಿನಿಂದ ನನಗೆ ಸರಿಯಾಗಿ ಅರ್ಥವಾಯಿತು. ಗೋಧಿಯಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಅಂತ ಎರಡು ಪ್ರೋಟೀನ್ ಇವೆ. ನೀರು ಹಾಕಿ ನಾದಿದರೆ ಎರಡೂ ಸೇರಿ ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ. ಒಂದು ಹಿಗ್ಗಲು ಬಿಡುತ್ತದೆ, ಇನ್ನೊಂದು ಎಳೆದು ಹಿಡಿಯುತ್ತದೆ. ಈಸ್ಟ್ ಬಿಡುವ ಗಾಳಿ ಆ ಬಲೆಯೊಳಗೆ ಬಲೂನಿನ ಹಾಗೆ ನಿಲ್ಲುತ್ತದೆ. ಅಕ್ಕಿ ಹಿಟ್ಟಿನಲ್ಲಿ ಆ ಬಲೆ ಇಲ್ಲ. ಹಾಗಾದರೆ ಗಾಳಿಯನ್ನು ಹಿಡಿಯಲು ಬೇರೆ ಏನಾದರೂ ಬೇಕು, ಅಲ್ವಾ? ನನ್ನ ಮುಂದಿನ ಎಂಟು ವಾರ ಆ ಒಂದು ಪ್ರಶ್ನೆಯ ಹಿಂದೆ ಹೋಯಿತು.

ಎರಡು, ಮೂರು: ಕ್ಸಾಂಥಾನ್ ಗಮ್

ಮೊದಲು ಹಿಟ್ಟಿನ ಮಿಶ್ರಣ ಬದಲಾಯಿಸಿದೆ. ಪಾಲಿಶ್ ಮಾಡದ ಅಕ್ಕಿಯ ಹಿಟ್ಟು 140 ಗ್ರಾಂ, ಬಿಳಿ ಜೋಳದ ಹಿಟ್ಟು 100, ಮರಗೆಣಸಿನ ಪಿಷ್ಟ 100, ಆಲೂಗಡ್ಡೆ ಪಿಷ್ಟ 60. ಒಟ್ಟು 400. ಧಾನ್ಯದ ಹಿಟ್ಟು ರುಚಿ ಮತ್ತು ಮೈ ಕೊಡುತ್ತದೆ, ಪಿಷ್ಟ ಹಗುರ ಮಾಡುತ್ತದೆ. ಧಾನ್ಯದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಪಿಷ್ಟ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಈ ಮಿಶ್ರಣ ಕೊನೆವರೆಗೂ ಹಾಗೇ ಉಳಿಯಿತು. ಒಂದು ಎಚ್ಚರ ಹೇಳಲೇಬೇಕು. ಆಲೂಗಡ್ಡೆ ಪಿಷ್ಟವೇ ಬೇರೆ, ಆಲೂಗಡ್ಡೆ ಹಿಟ್ಟೇ ಬೇರೆ. ಹಿಟ್ಟು ಅಂದರೆ ಬೇಯಿಸಿದ ಆಲೂಗಡ್ಡೆಯನ್ನು ಒಣಗಿಸಿ ಬೀಸಿದ್ದು, ಅದು ನೀರನ್ನು ಸಿಕ್ಕಾಪಟ್ಟೆ ಕುಡಿಯುತ್ತದೆ. ಪಿಷ್ಟ ಬೆರಳಲ್ಲಿ ಒತ್ತಿದರೆ ಹೊಸ ಹಿಮದ ಹಾಗೆ ಕರಕರ ಅನ್ನುತ್ತದೆ.

ಗಾಳಿ ಹಿಡಿಯಲು ಕ್ಸಾಂಥಾನ್ ಗಮ್ ಹಾಕಿದೆ. ಕ್ಸಾಂಥೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿದಾಗ ಸಿಗುವ ಅಂಟು ಇದು. 8 ಗ್ರಾಂ ಹಾಕಿದೆ, ನೀರು 340. ಬ್ರೆಡ್ ನೋಡಲು ಚೆನ್ನಾಗಿ ಉಬ್ಬಿತು. ತಂಗಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂಗುಳಕ್ಕೆ ಅಂಟಿಕೊಳ್ತಿದೆ ಅಣ್ಣಾ" ಅಂದಳು. ನಿಜ, ಒಳಗೆಲ್ಲ ರಬ್ಬರ್. ಮುಂದಿನ ವಾರ 3 ಗ್ರಾಂಗೆ ಇಳಿಸಿದೆ. ಅವತ್ತು ಸಂಜೆ ತಿನ್ನಲು ಚೆನ್ನಾಗಿತ್ತು. ಮರುದಿನ ಬಾಗಿಸಿದರೆ ಅರ್ಧ ದಾರಿಗೂ ಬರದೆ ಎರಡು ತುಂಡಾಯಿತು.

ಕ್ಸಾಂಥಾನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೇಕ್, ಬಿಸ್ಕತ್‌ಗೆ ಅದು ಸಾಕು. ಆದರೆ ಬಾಗುವ ಬ್ರೆಡ್‌ಗೆ ಅದೊಂದೇ ಸಾಲದು. ಅದು ಹಿಟ್ಟನ್ನು ಗಟ್ಟಿ ಮಾಡುತ್ತದೆ, ಆದರೆ ಎಳೆದರೆ ಹಿಗ್ಗುವ ಗುಣ ಅದರಿಂದ ಬರಲಿಲ್ಲ.

ನಾಲ್ಕನೆಯದು: ಲೋಳೆ

ಇಸಬ್ಗೋಲ್ ಹೊಟ್ಟು. ಇಡೀ ಕೆಲಸ ತಿರುವು ತೆಗೆದುಕೊಂಡದ್ದು ಇದರಿಂದ. ಒಂದು ಸಣ್ಣ ಗಿಡದ ಬೀಜದ ಮೇಲಿನ ತೆಳು ಸಿಪ್ಪೆ ಅದು, ಬೆಳಕಿಗೆ ಹಿಡಿದರೆ ಮೀನಿನ ಪೊರೆಯ ಹಾಗೆ ಕಾಣುತ್ತದೆ. ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಲೋಳೆಯಾಗುತ್ತದೆ. ಆ ಲೋಳೆ ಹಿಗ್ಗುತ್ತದೆ. ಗೋಧಿಯ ಬಲೆ ಅಲ್ಲ, ಆದರೆ ಗಾಳಿಯನ್ನು ತಡೆಯುವಷ್ಟು ಗೋಡೆ ಕಟ್ಟುತ್ತದೆ.

ಮೊದಲ ಸಲ 20 ಗ್ರಾಂ ಹೊಟ್ಟನ್ನು ಒಟ್ಟಿಗೆ ನೀರಿಗೆ ಸುರಿದು, ಆಮೇಲೆ ಚಮಚ ಹುಡುಕಲು ಹೋದೆ. ಬಂದು ನೋಡಿದರೆ ಗಂಟು. ಹೊರಗೆ ಲೋಳೆ, ಒಳಗೆ ಒಣ ಹೊಟ್ಟು. ಎಷ್ಟು ಕಲಸಿದರೂ ಬಿಡಲಿಲ್ಲ. ಬ್ರೆಡ್‌ನಲ್ಲಿ ಅಲ್ಲಲ್ಲಿ ಕಡಲೆ ಗಾತ್ರದ ಜೆಲ್ಲಿ ಸಿಕ್ಕವು. ಹಾಗಿದ್ದರೂ ಗಂಟು ಇಲ್ಲದ ಜಾಗದಲ್ಲಿ ಸ್ಲೈಸ್ ಬಾಗಿತು! ಪೂರ್ತಿ ಅಲ್ಲ, ಮುಕ್ಕಾಲು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ತಂಗಿಯ ರೂಮಿಗೆ ಓಡಿದ್ದೆ.

ಈಗ ನಾನು ಮಾಡುವ ರೀತಿ ಹೀಗೆ. ಉಗುರುಬೆಚ್ಚಗಿನ ನೀರನ್ನು ಬಟ್ಟಲಿಗೆ ತೂಗಿ ಹಾಕುತ್ತೇನೆ. ಎಡಗೈಯಲ್ಲಿ ಹೊಟ್ಟನ್ನು ಮಳೆಯ ಹಾಗೆ ಉದುರಿಸುತ್ತಾ ಬಲಗೈಯಲ್ಲಿ ವಿಸ್ಕ್ ತಿರುಗಿಸುತ್ತೇನೆ. ಮೊದಲ ಅರ್ಧ ನಿಮಿಷ ಏನೂ ಆಗುವುದಿಲ್ಲ, ಹೊಟ್ಟು ಸುಮ್ನೆ ನೀರಿನಲ್ಲಿ ಸುತ್ತುತ್ತಿರುತ್ತದೆ. ಆಮೇಲೆ ವಿಸ್ಕ್‌ನ ಹಿಂದೆ ಗೆರೆ ಮೂಡುತ್ತದೆ. ಗೆರೆ ಮುಚ್ಚಲು ಹೊತ್ತು ಹಿಡಿಯುತ್ತದೆ. ಕೊನೆಗೆ ಮುಚ್ಚುವುದೇ ಇಲ್ಲ. ಅಲ್ಲಿಗೆ ಕೈ ನಿಲ್ಲಿಸಿ ಹತ್ತು ನಿಮಿಷ ಬಿಡುತ್ತೇನೆ. ಬಟ್ಟಲು ಓರೆ ಮಾಡಿದರೆ ಇಡೀ ಲೋಳೆ ಒಂದೇ ತುಂಡಾಗಿ ಜಾರಬೇಕು, ತಳದಲ್ಲಿ ತೆಳು ನೀರು ಉಳಿದಿರಬಾರದು.

ಹೊಟ್ಟಿನ ಬದಲು ನುಣ್ಣನೆ ಪುಡಿ ಸಿಕ್ಕರೆ ಸ್ವಲ್ಪ ಕಡಿಮೆ ಹಾಕಿ, 20 ಗ್ರಾಂ ಜಾಗದಲ್ಲಿ 17 ಸಾಕು. ಕೆಲವು ಪ್ಯಾಕೆಟ್‌ನ ಪುಡಿ ಬ್ರೆಡ್‌ಗೆ ನೇರಳೆ ಬಣ್ಣ ಕೊಡುತ್ತದೆ. ತಿನ್ನಲು ತೊಂದರೆ ಇಲ್ಲ, ಬೇರೆ ಪ್ಯಾಕೆಟ್ ತಂದರೆ ಹೋಗುತ್ತದೆ.

ಐದನೆಯದು: ಕುಸಿತ

ಲೋಳೆ ಸರಿ ಬಂತು. ನೀರು 480 ಗ್ರಾಂಗೆ ಏರಿಸಿದೆ. ಹಿಟ್ಟಿನ ತೂಕಕ್ಕಿಂತ ನೀರೇ ಜಾಸ್ತಿ ಅಂತ ಗಾಬರಿ ಬೇಡ, 20 ಗ್ರಾಂ ಇಸಬ್ಗೋಲ್ ಅದರಲ್ಲಿ ಬಹುಪಾಲನ್ನು ಹಿಡಿದು ಕೂತಿರುತ್ತದೆ. ಹಿಟ್ಟು ಮೆತ್ತಗಿನ ಜೇಡಿಮಣ್ಣಿನ ಹಾಗೆ ಇತ್ತು. ಟಿನ್‌ಗೆ ತುಂಬಿ ಉಬ್ಬಲು ಬಿಟ್ಟೆ. ಸೆಕೆ ದಿನ. ಒಂದೂವರೆ ಗಂಟೆಯಲ್ಲಿ ಟಿನ್ನಿನ ಅಂಚು ದಾಟಿ ಗೋಪುರದ ಹಾಗೆ ಎದ್ದು ನಿಂತಿತು. ಅಷ್ಟು ಸುಂದರವಾದ ಹಿಟ್ಟನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. ಓವನ್ ಬಾಗಿಲಿನ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹತ್ತನೇ ನಿಮಿಷಕ್ಕೆ ಗೋಪುರದ ನೆತ್ತಿ ಸಮತಟ್ಟಾಯಿತು. ಹದಿನೈದಕ್ಕೆ ಮಧ್ಯ ತಗ್ಗು. ಹೊರಗೆ ತೆಗೆದಾಗ ದೋಣಿ.

ಗೋಧಿ ಹಿಟ್ಟು ಸ್ವಲ್ಪ ಜಾಸ್ತಿ ಉಬ್ಬಿದರೂ ತಡೆದುಕೊಳ್ಳುತ್ತದೆ. ಇದು ತಡೆದುಕೊಳ್ಳುವುದಿಲ್ಲ. ಗುಳ್ಳೆ ದೊಡ್ಡದಾದಷ್ಟೂ ಅದರ ಗೋಡೆ ತೆಳುವಾಗುತ್ತದೆ. ಓವನ್ ಒಳಗೆ ಹೋದ ಮೇಲೆ ಬಿಸಿಗೆ ಗಾಳಿ ಇನ್ನೂ ಹಿಗ್ಗುತ್ತದೆ. ಈಸ್ಟ್ ಕೂಡ 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಯುವ ತನಕ ಗಾಳಿ ಬಿಡುತ್ತಲೇ ಇರುತ್ತದೆ. ಆದರೆ ಅಕ್ಕಿ, ಜೋಳದ ಪಿಷ್ಟ ನೀರು ಕುಡಿದು ಗಟ್ಟಿಯಾಗಿ ನಿಲ್ಲಲು ಶುರುವಾಗುವುದು ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ. ಈ ನಡುವಿನ ಹೊತ್ತಿನಲ್ಲಿ ಬ್ರೆಡ್‌ಗೆ ಆಸರೆ ಅಂದರೆ ಆ ತೆಳು ಲೋಳೆ ಮಾತ್ರ. ಗೋಡೆ ಆಗಲೇ ಪೂರ್ತಿ ಹಿಗ್ಗಿದ್ದರೆ ಗುಳ್ಳೆಗಳು ಒಂದರೊಳಗೊಂದು ಒಡೆದು ಸೇರುತ್ತವೆ, ಸೂರು ಕೆಳಗೆ ಬರುತ್ತದೆ.

ಹಾಗಾಗಿ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಮುಖ್ಯ. ಗಡಿಯಾರ ನಂಬುವ ಹಾಗಿಲ್ಲ, ಚಳಿ ದಿನ ಒಂದು, ಸೆಕೆ ದಿನ ಇನ್ನೊಂದು. ಟಿನ್ ಲೋಹದ್ದು, ಒಳಗೆ ಎಷ್ಟು ಏರಿದೆ ಅಂತ ಪಕ್ಕದಿಂದ ಕಾಣುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಸಣ್ಣ ಗಾಜಿನ ಗ್ಲಾಸಿಗೆ ಒಂದು ಮುಷ್ಟಿ ಹಿಟ್ಟು ಒತ್ತಿ ಹಾಕಿ, ಟಿನ್ ಪಕ್ಕದಲ್ಲೇ ಇಡುತ್ತೇನೆ. ಸ್ಕೇಲ್ ಹಿಡಿದು ಎತ್ತರ ಅಳೆದು, ಅದರ ಮುಕ್ಕಾಲು ಭಾಗ ಮೇಲೆ ಒಂದು ರಬ್ಬರ್ ಬ್ಯಾಂಡ್ ಹಾಕುತ್ತೇನೆ. ನಾಲ್ಕು ಸೆಂಟಿಮೀಟರ್ ಇದ್ದರೆ ಏಳರ ಹತ್ತಿರ. ಹಿಟ್ಟು ರಬ್ಬರ್ ಬ್ಯಾಂಡ್ ಮುಟ್ಟಿತೋ, ಟಿನ್ ಓವನ್‌ಗೆ ಹೋಗಬೇಕು. ಓವನ್ ಅಷ್ಟರಲ್ಲಿ ಕಾದಿರಬೇಕು, ಅದಕ್ಕೆ ಇನ್ನೂ ಒಂದು ಬೆರಳು ಬಾಕಿ ಇರುವಾಗಲೇ ಹಚ್ಚುತ್ತೇನೆ.

ಉಬ್ಬಿಸುವುದು ಒಂದೇ ಸಲ. ಗೋಧಿ ಹಿಟ್ಟಿನ ಹಾಗೆ ಗುದ್ದಿ ಎರಡನೇ ಸಲ ಉಬ್ಬಿಸಿ ನನಗೆ ಏನೂ ಲಾಭ ಆಗಲಿಲ್ಲ. ಮತ್ತೆ ಹೆಣೆದುಕೊಳ್ಳಲು ಇಲ್ಲಿ ಬಲೆಯೇ ಇಲ್ಲ, ಹಿಡಿದ ಗಾಳಿ ಹೋಗುತ್ತದೆ ಅಷ್ಟೇ.

ಆರು, ಏಳು: ತಳದ ಪಟ್ಟಿ

ಆರನೆಯದು ಕುಸಿಯಲಿಲ್ಲ. ಮೇಲೆ ಚೆಂದದ ಕಂದು ಬಣ್ಣ. 50 ನಿಮಿಷಕ್ಕೆ ತೆಗೆದೆ, 40 ನಿಮಿಷ ಆರಿಸಿ ಕತ್ತರಿಸಿದೆ. ಮೇಲಿನ ಮುಕ್ಕಾಲು ಭಾಗ ಚೆನ್ನಾಗಿತ್ತು. ತಳದಲ್ಲಿ ಒಂದು ಬೆರಳು ದಪ್ಪ, ಹಸಿ ಮೇಣದ ಹಾಗೆ ಒದ್ದೆ ಪಟ್ಟಿ. ಚಾಕು ಹೊರಗೆ ಬಂದಾಗ ಅಲಗಿನ ಕೆಳ ಅಂಚಿನಲ್ಲಿ ಬೂದು ಬಣ್ಣದ ಅಂಟು. ಬೆರಳಿಂದ ಒರೆಸಿದರೆ ಎಳೆ ಬಂತು. ತಂಗಿ ಆ ಪಟ್ಟಿಯನ್ನು ಬಿಟ್ಟು ಮೇಲಿನದ್ದನ್ನು ಮಾತ್ರ ತಿಂದಳು, ಏನೂ ಹೇಳಲಿಲ್ಲ. ಅದು ನನಗೆ ಬೇಜಾರಾಯಿತು. ಹೇಳಿದ್ದರೆ ಪರವಾಗಿರಲಿಲ್ಲ.

ಅವತ್ತು ರಾತ್ರಿ ನೋಟ್‌ಬುಕ್ ತೆಗೆದು ಕೂತೆ. ಅಲ್ಲಿಯವರೆಗೆ ನಾನು ಬ್ರೆಡ್ ಉಬ್ಬುವುದರ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ. ನಿಜವಾದ ವಿಷಯ ನೀರು. ಈ ಬ್ರೆಡ್‌ನಲ್ಲಿ ಮೊದಲು ನೀರನ್ನು ಹಿಡಿಸಬೇಕು, ಆಮೇಲೆ ಅದನ್ನು ಸರಿಯಾದಷ್ಟು ಬಿಡಿಸಬೇಕು. ಹಿಡಿಸುವುದನ್ನು ಇಸಬ್ಗೋಲ್‌ನಿಂದ ಕಲಿತಿದ್ದೆ. ಬಿಡಿಸುವುದನ್ನು ಕಲಿತಿರಲಿಲ್ಲ.

ಹಾಗಾಗಿ ತೂಕ ನೋಡಲು ಶುರು ಮಾಡಿದೆ. ಓವನ್‌ಗೆ ಹೋಗುವ ಮುಂಚೆ ಹಿಟ್ಟಿನ ತೂಕ, ಹೊರಗೆ ಬಂದ ಕೂಡಲೇ ಬ್ರೆಡ್ ತೂಕ. ಕಡಿಮೆಯಾದದ್ದೆಲ್ಲ ಬಹುಮಟ್ಟಿಗೆ ನೀರು. ಅದೃಷ್ಟಕ್ಕೆ ಆರನೆಯದನ್ನು ತೂಗಿಟ್ಟಿದ್ದೆ. 958 ಗ್ರಾಂ ಹೋಗಿ 881 ಬಂದಿತ್ತು. ನೂರಕ್ಕೆ ಎಂಟು ಮಾತ್ರ ಹೋಗಿದೆ. ಒಳಗೆ ಒದ್ದೆ ಇರದೆ ಇನ್ನೇನು?

ಎರಡು ಸಾಮಾನು ತಂದೆ. ಒಂದು, ಓವನ್ ಒಳಗೆ ಇಡುವ ಥರ್ಮಾಮೀಟರ್. ಇನ್ನೊಂದು, ಚುಚ್ಚಿ ನೋಡುವ ಥರ್ಮಾಮೀಟರ್. ಓವನ್‌ನದ್ದು ಮೊದಲ ದಿನವೇ ವಿಷಯ ಹೇಳಿತು. ಗುಂಡಿಯನ್ನು 220ಕ್ಕೆ ತಿರುಗಿಸಿದರೆ ಒಳಗೆ ಇರುವುದು 190. ಇದು ನನ್ನ ಓವನ್ ಒಂದರ ಕಥೆ ಅಲ್ಲ, ಮನೆಯ ಓವನ್‌ಗಳಲ್ಲಿ ಇಷ್ಟು ವ್ಯತ್ಯಾಸ ಸಾಮಾನ್ಯ. ಈ ಲೇಖನ ಓದಿ ಒಂದೇ ಒಂದು ವಸ್ತು ಕೊಳ್ಳುವುದಾದರೆ ಓವನ್ ಥರ್ಮಾಮೀಟರ್ ಕೊಳ್ಳಿ.

ಏಳನೆಯದಕ್ಕೆ ಬೇರೇನೂ ಬದಲಾಯಿಸಲಿಲ್ಲ, ಬರೀ ಬಿಸಿ ಮತ್ತು ಸಮಯ ಸರಿ ಮಾಡಿದೆ. ನಿಜವಾದ 220ರಲ್ಲಿ 15 ನಿಮಿಷ, ಆಮೇಲೆ 200ರಲ್ಲಿ 50 ನಿಮಿಷ. ಮೇಲೆ ಬೇಗ ಕಪ್ಪಾಗುವ ಹಾಗೆ ಕಂಡಾಗ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಹೊದಿಸಿದೆ. ನಟ್ಟ ನಡುವೆ ಚುಚ್ಚಿ ನೋಡಿದರೆ 98 ಡಿಗ್ರಿ. ತೂಕ 958ರಿಂದ 848. ನೂರಕ್ಕೆ ಹನ್ನೊಂದೂವರೆ ಹೋಗಿದೆ. ಪಟ್ಟಿ ಬೆರಳು ದಪ್ಪದಿಂದ ಗೆರೆಯಷ್ಟಕ್ಕೆ ಇಳಿಯಿತು.

98 ಡಿಗ್ರಿ ಅನ್ನುವ ಅಂಕಿಯನ್ನು ಕಣ್ಣು ಮುಚ್ಚಿ ಹಿಡಿಯಬೇಡಿ. ಸಮುದ್ರ ಮಟ್ಟದಿಂದ 300 ಮೀಟರ್ ಮೇಲೆ ಹೋದ ಹಾಗೆಲ್ಲ ನೀರು ಕುದಿಯುವ ಬಿಸಿ ಸುಮಾರು ಒಂದೊಂದು ಡಿಗ್ರಿ ಇಳಿಯುತ್ತದೆ. 900 ಮೀಟರ್ ಎತ್ತರದ ಊರಿನಲ್ಲಿ ನೀರು 97ಕ್ಕೇ ಕುದಿಯುತ್ತದೆ, ಬ್ರೆಡ್ ಒಳಭಾಗ 98 ಮುಟ್ಟುವುದೇ ಇಲ್ಲ. ಕಾಯುತ್ತಾ ಕೂತರೆ ಬ್ರೆಡ್ ಒಣಗುತ್ತದೆ. ನಿಮ್ಮಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೋ ನೋಡಿ, ಅದಕ್ಕಿಂತ ಎರಡು ಡಿಗ್ರಿ ಕಡಿಮೆ ಇಟ್ಟುಕೊಳ್ಳಿ.

ಎಂಟನೆಯದು

ನೀರು 480ರಿಂದ 450ಕ್ಕೆ. ಉಳಿದ ಗೆರೆ ಹೋಗಲಿ ಅಂತ. ಇನ್ನೊಂದು ಬದಲಾವಣೆ, ಆರಿಸುವುದು. ಓವನ್‌ನಿಂದ ತೆಗೆದ ಐದು ನಿಮಿಷಕ್ಕೆ ಟಿನ್‌ನಿಂದ ಬಿಡಿಸಿ ತಂತಿಯ ರ‍್ಯಾಕ್ ಮೇಲೆ ಇಟ್ಟೆ. ಟಿನ್‌ನಲ್ಲೇ ಬಿಟ್ಟರೆ ಹಬೆ ಗೋಡೆಗೆ ತಾಗಿ ನೀರಾಗಿ ತಳಕ್ಕೆ ಇಳಿಯುತ್ತದೆ. ನಾಲ್ಕು ಗಂಟೆ ಚಾಕು ಮುಟ್ಟಲಿಲ್ಲ. ಇದು ಕಷ್ಟದ ಕೆಲಸ, ಮನೆಯೆಲ್ಲ ಬ್ರೆಡ್ ವಾಸನೆ ತುಂಬಿರುವಾಗ ಇನ್ನೂ ಕಷ್ಟ. ಆದರೆ ಬಿಸಿ ಇರುವಾಗ ಪಿಷ್ಟ ಇನ್ನೂ ಮೆತ್ತಗೆ ಇರುತ್ತದೆ, ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ. ಬಿಸಿಯಲ್ಲಿ ಕತ್ತರಿಸಿದರೆ ಚೆನ್ನಾಗಿ ಬೆಂದ ಬ್ರೆಡ್ ಕೂಡ ಹಸಿ ಅನ್ನಿಸುತ್ತದೆ. ಆರನೆಯದರ ಪಟ್ಟಿಯಲ್ಲಿ ಒಂದು ಪಾಲು ನನ್ನ ಆತುರದ್ದೂ ಇತ್ತು.

ತೂಕ 928 ಹೋಗಿ 807 ಬಂತು. ನೂರಕ್ಕೆ 13. ಚಾಕು ಒಣಗಿ ಹೊರಬಂತು. ಪಟ್ಟಿ ಇಲ್ಲ.

ಮರುದಿನ ಬೆಳಿಗ್ಗೆ ತಂಗಿಯ ಮುಂದೆಯೇ ಸ್ಲೈಸ್ ಎತ್ತಿಕೊಂಡೆ. ಅವಳು "ಕೊಡಣ್ಣಾ, ನಾನು ನೋಡ್ತೀನಿ" ಅಂತ ಕೈಯಿಂದ ತೆಗೆದುಕೊಂಡಳು. ಎರಡು ಹೆಬ್ಬೆರಳು ಮಧ್ಯಕ್ಕೆ ಕೊಟ್ಟು ತುದಿಗಳನ್ನು ಮೇಲಕ್ಕೆ ಎತ್ತಿದಳು. ಹೊರಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಮೂಡಿ ಅಲ್ಲೇ ನಿಂತಿತು. ತುದಿ ತುದಿ ಸೇರಿದವು. ಬಿಟ್ಟಾಗ ಸ್ಲೈಸ್ ಮೆಲ್ಲಗೆ ಅರ್ಧ ಬಿಚ್ಚಿಕೊಂಡಿತು.

ಪೂರ್ತಿ ಅಳತೆ ಇಲ್ಲಿದೆ. ಮೇಲೆ ಹೇಳಿದ 400 ಗ್ರಾಂ ಮಿಶ್ರಣ, ಇಸಬ್ಗೋಲ್ ಹೊಟ್ಟು 20, ನೀರು 450, ಸಕ್ಕರೆ 15, ಉಪ್ಪು 8, ಇನ್‌ಸ್ಟಂಟ್ ಈಸ್ಟ್ 7, ಎಣ್ಣೆ 20, ವಿನೆಗರ್ 8. ವಿನೆಗರ್ ರುಚಿಗೆ, ಅದಿಲ್ಲದೆ ಬ್ರೆಡ್ ಸಪ್ಪೆ ಅನ್ನಿಸಿತು. ಒಣ ಪದಾರ್ಥ ಎಲ್ಲ ಜರಡಿ ಹಿಡಿದು, ಲೋಳೆ, ಎಣ್ಣೆ, ವಿನೆಗರ್ ಸೇರಿಸಿ, ಐದು ನಿಮಿಷ ಚೆನ್ನಾಗಿ ಕಲಸಬೇಕು. ಒಣ ಹಿಟ್ಟಿನ ಒಂದು ಚುಕ್ಕೆಯೂ ಕಾಣಬಾರದು. ಟಿನ್ 20 ಸೆಂಟಿಮೀಟರ್ ಉದ್ದ, 10 ಅಗಲ, 10 ಎತ್ತರ. ಅಗಲ ಕಡಿಮೆ ಇದ್ದು ಗೋಡೆ ಎತ್ತರ ಇರುವುದೇ ಒಳ್ಳೆಯದು, ಹಿಟ್ಟಿಗೆ ಒರಗಿಕೊಳ್ಳಲು ಗೋಡೆ ಬೇಕು. ಒದ್ದೆ ಸ್ಪ್ಯಾಚುಲಾದಿಂದ ಮೇಲ್ಭಾಗ ನುಣ್ಣಗೆ ಸವರಿ, ಬಟ್ಟೆ ಮುಚ್ಚಿ ಇಡಿ. ಮೇಲೆ ಒಣಗಿದರೆ ಬಿರುಕು ಬಿಡುತ್ತದೆ.

ಮೊಟ್ಟೆಯ ಬಿಳಿ ಹಾಕುವವರೂ ಇದ್ದಾರೆ. ಬಿಸಿಗೆ ಅದು ಗಟ್ಟಿಯಾಗಿ ಗೋಡೆ ಹಿಡಿಯುತ್ತದೆ, ಬ್ರೆಡ್ ಇನ್ನೂ ಹಗುರ ಬರುತ್ತದೆ. ನನಗೆ ಅದಿಲ್ಲದೆ ಬೇಕಿತ್ತು, ಹಾಗಾಗಿ ಹಾಕಲಿಲ್ಲ.

ಒಂಬತ್ತನೆಯದು, ಮತ್ತು ಇಡುವ ರೀತಿ

ಒಂದು ಸಲ ಸರಿ ಬಂದದ್ದನ್ನು ನಂಬಲು ನನಗೆ ಮನಸ್ಸಾಗಲಿಲ್ಲ. ಅದೇ ಅಳತೆಯಲ್ಲಿ ಮತ್ತೆ ಮಾಡಿದೆ. ಈ ಸಲ ಜೋಳದ ಹಿಟ್ಟಿನ ಪ್ಯಾಕೆಟ್ ಹೊಸದು, ಸ್ವಲ್ಪ ನುಣ್ಣಗಿತ್ತು. ಕಲಸುವಾಗ ಹಿಟ್ಟು ಬಿಗಿ ಅನ್ನಿಸಿತು, 15 ಗ್ರಾಂ ನೀರು ಜಾಸ್ತಿ ಹಾಕಿದೆ. ನನ್ನ ಅಂಕಿಗಳನ್ನು ನೀವೂ ಹೀಗೇ ನೋಡಿ. ಹದ ಗುರುತಿಸಲು ನಾನು ಒಂದು ಉಂಡೆ ಮಾಡಿ ಬಟ್ಟಲಲ್ಲಿ ಬಿಡುತ್ತೇನೆ. ಒಂದು ನಿಮಿಷದಲ್ಲಿ ಅಂಚು ಸ್ವಲ್ಪ ಸಡಿಲವಾಗಿ ಕೂರಬೇಕು, ಹರಿಯಬಾರದು. ಉಂಡೆ ಹಾಗೇ ಗುಂಡಗೆ ನಿಂತರೆ ನೀರು ಕಡಿಮೆ.

ಗೋಧಿ ಬ್ರೆಡ್‌ಗಿಂತ ಇದು ಬೇಗ ಒರಟಾಗುತ್ತದೆ. ಆರಿದ ಪಿಷ್ಟ ಮತ್ತೆ ಬಿಗಿಯುತ್ತಾ ಹೋಗುವುದೇ ಅದಕ್ಕೆ ಕಾರಣ. ಫ್ರಿಜ್‌ನಲ್ಲಿ ಇಡುವುದು ಅದಕ್ಕೆ ಮದ್ದಲ್ಲ, ಫ್ರಿಜ್‌ನ ತಂಪಿನಲ್ಲಿ ಆ ಬಿಗಿತ ಇನ್ನೂ ಬೇಗ ಆಗುತ್ತದೆ. ಎರಡು ದಿನಕ್ಕೆ ಬೇಕಾದಷ್ಟು ಹೊರಗೆ ಡಬ್ಬಿಯಲ್ಲಿ ಇಟ್ಟು, ಉಳಿದದ್ದನ್ನು ಆರಿದ ದಿನವೇ ಸ್ಲೈಸ್ ಮಾಡಿ, ಸ್ಲೈಸ್ ನಡುವೆ ಬೇಕಿಂಗ್ ಪೇಪರ್ ಇಟ್ಟು ಫ್ರೀಜರ್‌ಗೆ ಹಾಕುತ್ತೇನೆ. ಒಂದೊಂದೇ ತೆಗೆದು ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಬಾಗುತ್ತದೆ.

ಒಂಬತ್ತನೆಯದರ ಎರಡು ಸ್ಲೈಸ್ ಮಡಚಿಕೊಂಡು ತಂಗಿ ಸೋಮವಾರ ಕೆಲಸಕ್ಕೆ ಹೋದಳು. ಸಂಜೆ ಡಬ್ಬಿ ತೊಳೆಯಲು ನಾನೇ ತೆಗೆದೆ. ತಳದಲ್ಲಿ ಏಳೆಂಟು ಕಣ ಇದ್ದವು, ಅಷ್ಟೇ.

ಇನ್ನೊಂದು ಬಾಕಿ ಇದೆ. ಎರಡು ತುದಿಯ ಸ್ಲೈಸ್‌ಗಳು ಇನ್ನೂ ಗಟ್ಟಿ, ಬಾಗುವುದಿಲ್ಲ. ಮೊದಲ ಅರ್ಧ ಗಂಟೆ ಟಿನ್ ಮೇಲೆ ಮುಚ್ಚಳ ಇಟ್ಟು ಹಬೆಯನ್ನು ಒಳಗೇ ಹಿಡಿದರೆ ಹೊರಮೈ ತೆಳುವಾಗಿ ಉಳಿಯಬಹುದು ಅಂತ ನನ್ನ ಲೆಕ್ಕ. ಹತ್ತನೆಯದನ್ನು ಹಾಗೆ ಮಾಡುತ್ತಿದ್ದೇನೆ. ಟಿನ್ ಈಗ ಕಟ್ಟೆಯ ಮೇಲಿದೆ. ಪಕ್ಕದ ಗ್ಲಾಸಿನಲ್ಲಿ ಹಿಟ್ಟು ರಬ್ಬರ್ ಬ್ಯಾಂಡ್‌ಗೆ ಇನ್ನೊಂದು ಬೆರಳು ಕೆಳಗಿದೆ. ಓವನ್ ಹಚ್ಚುವ ಹೊತ್ತಾಯಿತು.